ಎರಡು ವಿಮಾನಗಳ ನಡುವೆ

ಗುವಾಹಟಿಯಲ್ಲಿ ನೆಲೆಸಿರುವ ನನ್ನ ಚಿಕ್ಕಮ್ಮನಿಗೆ ಕಳೆದ ದೀಪಾವಳಿಯ ವೇಳೆಗೆ ಪಾರ್ಶ್ವವಾಯು ಬಡಿಯಿತು. ಜೀವಕ್ಕೆ ಅಪಾಯವಾಗಲಿಲ್ಲವಾದರೂ ಬಲಗೈ ಸೋತುಹೋಯಿತು, ಮಾತು ತೊದಲತೊಡಗಿತು. ಅದಕ್ಕೆ ಮೊದಲು ಅಕ್ಕತಂಗಿಯರಿಬ್ಬರೂ ಪ್ರತಿದಿನ ಸಂಜೆ ದೀಪ ಹಚ್ಚಿದ ಮೇಲೆ ಫೋನಿನಲ್ಲಿ ಅರ್ಧ ಗಂಟೆ ಹರಟದೆ ಇರುತ್ತಿರಲಿಲ್ಲ. ಮುಖ ನೋಡಿ ಹನ್ನೊಂದು ವರ್ಷಗಳಾಗಿದ್ದರೂ ಆ ಅರ್ಧ ಗಂಟೆಯ ಬಲದಿಂದ ದೂರವು ದೂರವೆನಿಸಿರಲಿಲ್ಲ. ಈಗ ಆ ಕಡೆಯಿಂದ ಬರುವ ಮಾತು ಅಮ್ಮನಿಗೆ ತಿಳಿಯದು. "ಹೂಂ, ಹೂಂ" ಎನ್ನುತ್ತ ಕೇಳಿಸಿಕೊಂಡು, ಫೋನನ್ನು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಒಂದು ದಿನ, "ಪುಟ್ಟಿಯನ್ನು ಒಂದು ಸಲ ಕಣ್ಣಿನಿಂದ ನೋಡಿಬಿಡಬೇಕಪ್ಪಾ" ಎಂದಳು. ಹೊರಡುವುದೆಂದು ನಿಶ್ಚಯವಾಯಿತು.

ನಮ್ಮ ಚಿಕ್ಕಪ್ಪನವರು ಗುವಾಹಟಿಯ ನೂನ್‌ಮಾಟಿ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಇದ್ದವರು. ಸರ್ಕಾರಿ ಕ್ಷೇತ್ರದಲ್ಲಿ ನಮ್ಮ ದೇಶದ ಮೊದಲನೆಯ ಅಂಥ ಕಾರ್ಖಾನೆ ಅದು. 1962ರ ಜನವರಿ 1ರಂದು ನೆಹರೂ ಅವರು ಅದನ್ನು ಉದ್ಘಾಟಿಸಿದರು. ತಿಪಟೂರಿನ ಹುಡುಗಿಯೊಬ್ಬಳು ಬ್ರಹ್ಮಪುತ್ರೆಯ ದಡ ಸೇರಿದ್ದು ಹೀಗೆ. ಚಿಕ್ಕಪ್ಪ ತೀರಿಕೊಂಡ ಮೇಲೂ ಆಕೆ ಅಲ್ಲಿಯೇ ಮಗನ ಜೊತೆಯಲ್ಲಿ ಉಳಿದಳು. ಊರಿನ ಹೆಸರನ್ನು ಈಗ ಎಲ್ಲರೂ ಗುವಾಹಟಿ ಎನ್ನುತ್ತಾರೆ. ಅಮ್ಮನ ಬಾಯಲ್ಲಿ ಅದು ಇಂದಿಗೂ ಗೌಹಾತಿಯೇ.

ರೈಲಿನಲ್ಲಿ ಹೋದರೆ ಬೆಂಗಳೂರಿನಿಂದ ಅಲ್ಲಿಗೆ ಎರಡು ದಿನಗಳಿಗೂ ಮೀರಿದ ಪ್ರಯಾಣ. ಎಪ್ಪತ್ತಾರು ವರ್ಷದ, ಎರಡು ಮಂಡಿಗಳೂ ಸವೆದಿರುವ ಅಮ್ಮನಿಗೆ ಅದು ಸಾಧ್ಯವಿಲ್ಲ. ಉಳಿದದ್ದು ವಿಮಾನ. ಅಲ್ಲಿಯೂ ಎರಡು ದಾರಿಗಳಿದ್ದವು. ಒಂದು, ಬೆಂಗಳೂರಿನಿಂದ ನೇರವಾಗಿ ಹಾರುವುದು: ಎರಡು ಸಾವಿರ ಕಿಲೋಮೀಟರಿಗೆ ತುಸು ಮೇಲೆ, ಮೂರು ಗಂಟೆಯ ಮಾತು. ಆದರೆ ಆ ವಿಮಾನದಲ್ಲಿ ಇದ್ದುದು ಒಂದೇ ದರ್ಜೆ, ಮಂಡಿಯನ್ನು ಮುಂದಿನ ಆಸನದ ಬೆನ್ನಿಗೆ ಒತ್ತಿಕೊಂಡು ಕೂರುವ ದರ್ಜೆ. ಇನ್ನೊಂದು, ಮೊದಲು ಉತ್ತರಕ್ಕೆ ದೆಹಲಿಗೆ ಹೋಗಿ, ಅಲ್ಲಿ ವಿಮಾನ ಬದಲಾಯಿಸಿ, ಪೂರ್ವಕ್ಕೆ ತಿರುಗುವುದು. ಇದು ಮೂರು ಸಾವಿರದ ನೂರು ಕಿಲೋಮೀಟರಿಗೂ ಹೆಚ್ಚು. ಮನೆ ಬಿಟ್ಟು ಮನೆ ಸೇರುವ ತನಕ ಒಂದು ಹಗಲು ಪೂರ್ತಿ. ಆದರೆ ಈ ದಾರಿಯ ಎರಡು ವಿಮಾನಗಳಲ್ಲಿಯೂ ಬಿಸಿನೆಸ್ ಕ್ಲಾಸು ಇತ್ತು. ಬೆಲೆ, ನೇರ ವಿಮಾನದ ಸಾಮಾನ್ಯ ಟಿಕೆಟ್ಟಿನ ಐದು ಪಾಲು!

ನಾನು ಜೀವಮಾನದಲ್ಲಿ ಆ ಪರದೆಯ ಮುಂದೆ ಕುಳಿತವನಲ್ಲ. ಆದರೂ ಅಮ್ಮನ ಮಂಡಿಯನ್ನು ನೆನೆದು, ಒಂದು ವರ್ಷದ ಉಳಿತಾಯವನ್ನು ಲೆಕ್ಕ ಹಾಕಿ, ಐದು ಪಾಲಿನ ಟಿಕೆಟ್ಟನ್ನೇ ಕೊಂಡೆ. ಎಷ್ಟು ದಿನ ನಿಲ್ಲುವೆವೋ ತಿಳಿಯದಿದ್ದುದರಿಂದ ಹೋಗುವುದಕ್ಕೆ ಮಾತ್ರ. ಅಮ್ಮನಿಗೆ ಬೆಲೆ ಹೇಳಲಿಲ್ಲ. ಮೂವತ್ತು ವರ್ಷ ಮಾಧ್ಯಮಿಕ ಶಾಲೆಯಲ್ಲಿ ಗಣಿತ ಕಲಿಸಿದವಳಿಗೆ ಇಂಥ ಸಂಖ್ಯೆಗಳನ್ನು ಕಾರಣವಿಲ್ಲದೆ ಹೇಳಬಾರದು.

ಅಮ್ಮನನ್ನು ಮುಂದೆ ಕೂರಿಸಿ ನಾನು ಹಿಂದಿನ ದರ್ಜೆಯಲ್ಲಿ ಹೋದರೆ ಅರ್ಧ ಹಣ ಉಳಿಯುವುದಲ್ಲ ಎಂಬ ಯೋಚನೆಯೂ ಬಾರದಿರಲಿಲ್ಲ. ವಿಚಾರಿಸಿ ನೋಡಿದರೆ, ಹಿಂದಿನವನು ಮುಂದೆ ಬಂದು ಆರೈಕೆ ಮಾಡುವಂತಿಲ್ಲ. ನಿಲ್ದಾಣದ ವಿಶ್ರಾಂತಿಗೃಹಕ್ಕೂ ಜೊತೆಯಾಗಿ ಹೋಗುವಂತಿಲ್ಲ. ಮುದುಕಿಯನ್ನು ಒಬ್ಬಳನ್ನೇ ಸಿಂಹಾಸನದ ಮೇಲೆ ಕೂರಿಸಿ ಬರುವುದರಲ್ಲಿ ಅರ್ಥವಿಲ್ಲವೆಂದು ಎರಡನ್ನೂ ಕೊಂಡೆ.

ಇಂಥ ಟಿಕೆಟ್ಟು ಕೊಳ್ಳಲು ಹೊರಡುವ ವಾಚಕರಿಗೆ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ. ನಮ್ಮ ದೇಶದೊಳಗೆ ಈ ದರ್ಜೆ ಎಲ್ಲ ವಿಮಾನಗಳಲ್ಲಿಯೂ ಇಲ್ಲ. ಅದನ್ನು ಇಟ್ಟುಕೊಂಡಿದ್ದ ಕಿಂಗ್‌ಫಿಷರ್ 2012ರಲ್ಲಿ ನೆಲ ಹಿಡಿಯಿತು; ಜೆಟ್ ಏರ್‌ವೇಸ್ 2019ರಲ್ಲಿ ನಿಂತಿತು; ವಿಸ್ತಾರಾ 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಳಗೆ ಲೀನವಾಯಿತು. ಒಂದೇ ದರ್ಜೆಯನ್ನು ನೆಚ್ಚಿಕೊಂಡಿದ್ದ ಇಂಡಿಗೋ ಆ ತಿಂಗಳಿನಲ್ಲಿಯೇ ದೆಹಲಿ–ಮುಂಬಯಿ ದಾರಿಯಲ್ಲಿ ಇದಕ್ಕೆ ಕೈಹಾಕಿತು. ಆದುದರಿಂದ ದೊಡ್ಡ ನಗರಗಳ ನಡುವೆ ಈ ಆಸನ ಸಿಕ್ಕೀತು. ಆದರೆ ಅಲ್ಲಿಂದ ಮುಂದಕ್ಕೆ ಚಿಕ್ಕ ಊರಿಗೆ ಹೋಗುವ ಎರಡನೆಯ ವಿಮಾನದಲ್ಲಿ ಅದು ಇಲ್ಲದೆಯೇ ಇರಬಹುದು. ರೆಕ್ಕೆಯ ಮೇಲೆ ಪಂಖ ತಿರುಗುವ ಪುಟ್ಟ ವಿಮಾನವಾದರೆ ಇರುವುದಿಲ್ಲವೆಂದೇ ತಿಳಿಯಬಹುದು. ಟಿಕೆಟ್ಟಿನ ತಲೆಯ ಮೇಲೆ ‘ಬಿಸಿನೆಸ್’ ಎಂದು ಅಚ್ಚಾಗಿದ್ದರೆ ಸಾಲದು. ಎರಡು ಪ್ರಯಾಣಗಳ ಎದುರಿಗೂ ಬೇರೆಬೇರೆಯಾಗಿ ಏನು ಬರೆದಿದೆಯೆಂಬುದನ್ನು ಓದಬೇಕು.

ಹಾಗೆಯೇ ತೆರಿಗೆ. ಸಾಮಾನ್ಯ ದರ್ಜೆಗೆ ಜಿ.ಎಸ್.ಟಿ. ಶೇಕಡಾ 5, ಈ ದರ್ಜೆಗೆ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18 ಆಯಿತು. ಇದರ ಜೊತೆಗೆ ತಿಳಿದಿರಬೇಕಾದ ಒಂದು ಸಮಾಧಾನವೂ ಉಂಟು. ನಾವು ಕೊಂಡ ದರ್ಜೆಯಲ್ಲಿ ಜಾಗವಿಲ್ಲವೆಂದು ನಮ್ಮ ಇಚ್ಛೆಗೆ ವಿರೋಧವಾಗಿ ಕೆಳಗಿನ ದರ್ಜೆಯಲ್ಲಿ ಕೂರಿಸಿದರೆ, ದೇಶದೊಳಗಿನ ಪ್ರಯಾಣದಲ್ಲಿ ತೆರಿಗೆಯೂ ಸೇರಿದ ಟಿಕೆಟ್ ಬೆಲೆಯ ಶೇಕಡಾ 75ನ್ನು ಹಿಂದಕ್ಕೆ ಕೊಡಬೇಕೆಂದು ವಿಮಾನಯಾನ ಮಹಾನಿರ್ದೇಶನಾಲಯವು 2023ರ ಫೆಬ್ರವರಿಯಿಂದ ನಿಯಮ ಮಾಡಿದೆ. ಈ ನಿಯಮವನ್ನು ಬಲ್ಲವರು ಕಡಮೆ. ಬಲ್ಲವರು ಕೇಳಿ ಪಡೆಯುತ್ತಾರೆ.

ಎಲ್ಲಕ್ಕಿಂತಲೂ ಮುಖ್ಯವಾದದ್ದು, ಎರಡು ವಿಮಾನಗಳೂ ಒಂದೇ ಟಿಕೆಟ್ಟಿನಲ್ಲಿ ಇರಬೇಕು. ಹಾಗಿದ್ದರೆ ಸಾಮಾನು ಬೆಂಗಳೂರಿನಲ್ಲಿ ಕೊಟ್ಟದ್ದು ಗುವಾಹಟಿಯಲ್ಲಿ ಕೈಗೆ ಸಿಗುತ್ತದೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕಳುಹಿಸುವ ಹೊಣೆ ಅವರದು. ನಾಲ್ಕು ಕಾಸು ಉಳಿಸಲು ಬೇರೆಬೇರೆಯಾಗಿ ಕೊಂಡರೆ ಆ ಹೊಣೆ ನಮ್ಮ ತಲೆಯ ಮೇಲೆಯೇ. ಎರಡನೆಯ ವಿಮಾನ ಯಾವ ಟರ್ಮಿನಲ್ಲಿನಿಂದ ಹೊರಡುವುದೆಂಬುದನ್ನೂ ನೋಡಿಕೊಳ್ಳಬೇಕು. ದೆಹಲಿಯಲ್ಲಿ ಒಂದನೆಯ ಟರ್ಮಿನಲ್ಲಿಗೂ ಮೂರನೆಯದಕ್ಕೂ ನಡುವೆ ಕಾಲುನಡಿಗೆಯ ದಾರಿಯಿಲ್ಲ; ಹೊರಗೆ ಬಂದು ಬಸ್ಸು ಹತ್ತಬೇಕು.

ಜನವರಿಯ ಒಂದು ಮುಂಜಾನೆ ನಾಲ್ಕು ಗಂಟೆಗೆ ದೇವನಹಳ್ಳಿಯ ನಿಲ್ದಾಣದ ಎರಡನೆಯ ಟರ್ಮಿನಲ್ಲಿನಲ್ಲಿದ್ದೆವು. ಬಿದಿರಿನ ಚಾವಣಿಯನ್ನೂ ಮೇಲಿನಿಂದ ತೂಗುಬಿದ್ದ ಗಿಡಗಳನ್ನೂ ಅಮ್ಮ ಕುತ್ತಿಗೆ ಎತ್ತಿ ನೋಡುತ್ತ, "ನೀರು ಹಾಕುವವರು ಹೇಗೆ ಹತ್ತುತ್ತಾರೆ?" ಎಂದು ಕೇಳಿದಳು. ಉತ್ತರ ನನ್ನಲ್ಲಿ ಇರಲಿಲ್ಲ. ನಮ್ಮ ದರ್ಜೆಗೆ ಬೇರೆ ಸಾಲು. ಸಾಲಿನಲ್ಲಿ ನಮ್ಮ ಮುಂದೆ ಒಬ್ಬರೇ ಇದ್ದರು. ಸಾಮಾನ್ಯ ದರ್ಜೆಯಲ್ಲಿ ಹೆಚ್ಚಾಗಿ 15 ಕಿಲೋ ಸಾಮಾನಿಗೆ ಮಾತ್ರ ಅವಕಾಶ. ಇಲ್ಲಿ 25 ಕಿಲೋ ಅಥವಾ ಅದಕ್ಕೂ ಹೆಚ್ಚು. ಅಮ್ಮ ಈ ಸುದ್ದಿಯನ್ನು ಮಾತ್ರ ಮೊದಲೇ ತಿಳಿದುಕೊಂಡು, ಅದರ ಪೂರ್ಣ ಪ್ರಯೋಜನವನ್ನು ಪಡೆದಿದ್ದಳು. ಹುರಿಹಿಟ್ಟು, ಚಟ್ನಿಪುಡಿ, ಸಾರಿನ ಪುಡಿ, ಎರಡು ಡಬ್ಬ ಕೊಬ್ಬರಿ ಮಿಠಾಯಿ, ಇವುಗಳ ನಡುವೆ ಬಟ್ಟೆಯ ಗಂಟಿನಲ್ಲಿ ತಿಪಟೂರಿನ ಕೊಬ್ಬರಿ ಗಿಟುಕುಗಳು.

"ಇದರಲ್ಲಿ ಕೊಬ್ಬರಿ ಏನಾದರೂ ಇದೆಯೇ, ಅಮ್ಮಾ?" ಎಂದು ಕೌಂಟರಿನ ಹುಡುಗಿ ನಯವಾಗಿ ಕೇಳಿದಳು.

"ಇದೆಯಮ್ಮಾ. ತಿಪಟೂರಿನದು" ಎಂದಳು ಅಮ್ಮ, ಹೆಮ್ಮೆಯಿಂದ.

ಅಲ್ಲಿಗೆ ಗಂಟು ಹೊರಗೆ ಬಂದಿತು. ಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಎಣ್ಣೆಯಂಶ ತುಂಬಿದ ಪದಾರ್ಥವಾದುದರಿಂದ ಅದು ತನಗೆ ತಾನೇ ಕಾವೇರಿ ಹೊತ್ತಿಕೊಳ್ಳಬಲ್ಲದೆಂದು, ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 1363 ಎಂಬ ಸಂಖ್ಯೆ ಕೊಟ್ಟು ಸೇರಿಸಿದ್ದಾರೆ. ನಮ್ಮ ಮನೆಯ ಅಟ್ಟದ ಮೇಲೆ ಎಪ್ಪತ್ತು ವರ್ಷಗಳಿಂದ ಹೊತ್ತಿಕೊಳ್ಳದೆ ಇರುವ ಕೊಬ್ಬರಿಗೆ ಇಂಥ ಅಪಕೀರ್ತಿ ಬಂದುದನ್ನು ಕೇಳಿ ಅಮ್ಮ ದಂಗಾದಳು. "ಅಷ್ಟು ದೊಡ್ಡ ಟಿಕೆಟ್ಟು ತೆಗೆದುಕೊಂಡರೂ ಬಿಡುವುದಿಲ್ಲವೇ?" ಎಂದಳು. ಬಿಡುವುದಿಲ್ಲ. ಬಿಡಲು ಬಂದಿದ್ದ ನನ್ನ ಭಾವಮೈದುನ ಇನ್ನೂ ಹೊರಗೆ ನಿಂತಿದ್ದುದರಿಂದ ಗಂಟು ಮನೆಗೆ ಹಿಂದಿರುಗಿತು. ಮಿಠಾಯಿ ಉಳಿಯಿತು.

ಲೌಂಜು ಎಂಬ ವಿಶ್ರಾಂತಿಗೃಹದ ವಿಷಯವಾಗಿ ನನಗೆ ಬಹಳ ಕಲ್ಪನೆಗಳಿದ್ದವು. ಮೆತ್ತನೆಯ ಕುರ್ಚಿಗಳಿವೆ, ಇಡ್ಲಿಯಿದೆ, ಕಾಫಿಯಿದೆ, ಶುಚಿಯಾದ ಸ್ನಾನಗೃಹವಿದೆ. ಆದರೆ ಈಗ ಬ್ಯಾಂಕಿನ ಕಾರ್ಡು ತೋರಿಸಿ ಒಳಗೆ ಬರುವವರು ಹೆಚ್ಚಿರುವುದರಿಂದ ನಮ್ಮ ಮದುವೆಮನೆಯ ಎರಡನೆಯ ಪಂಕ್ತಿಯಷ್ಟೇ ನಿಶ್ಶಬ್ದ. ಒಂದು ಮೂಲೆ ಹಿಡಿದು ಕುಳಿತೆವು. ಅಮ್ಮ ಕಾಫಿಯನ್ನು ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟು, "ನಿಜ ಹೇಳು, ಇದಕ್ಕೆಲ್ಲ ಎಷ್ಟಾಯಿತು?" ಎಂದಳು.

"ಸ್ವಲ್ಪ ಹೆಚ್ಚು."

"ಸ್ವಲ್ಪವೆಂದರೆ?"

ಅಷ್ಟರಲ್ಲಿ ದೈವವೇ ನನ್ನ ರಕ್ಷಣೆಗೆ ಬಂದಂತೆ, ಗೋಡೆಯ ಮೇಲಿನ ಫಲಕದಲ್ಲಿ ನಮ್ಮ ವಿಮಾನದ ಎದುರಿಗೆ ‘ವಿಳಂಬ’ ಎಂಬ ಅಕ್ಷರಗಳು ಮೂಡಿದವು. ರಕ್ಷಣೆಯೆಂದೆನೇ? ದೆಹಲಿಯಲ್ಲಿ ಮಂಜು.

ಡಿಸೆಂಬರ್ ಜನವರಿಗಳಲ್ಲಿ ದೆಹಲಿಯ ಮೂಲಕ ವಿಮಾನ ಬದಲಾಯಿಸುವವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಈ ಮಂಜನ್ನೇ. ನೆಲಕ್ಕೆ ಹತ್ತಿದಂತೆ ದಟ್ಟವಾಗಿ ಕವಿದಾಗ ಇಳಿಯುವ ವಿಮಾನಗಳ ಸಂಖ್ಯೆಯನ್ನು ತಗ್ಗಿಸುತ್ತಾರೆ. ಅಲ್ಲಿಗೆ ಹೋಗಬೇಕಾದ ವಿಮಾನಗಳನ್ನು ಹೊರಡುವ ಊರಿನಲ್ಲಿಯೇ ತಡೆದು ನಿಲ್ಲಿಸುತ್ತಾರೆ. ದರ್ಜೆ ಯಾವುದಾದರೂ ಮಂಜಿಗೆ ಒಂದೇ. ನಮ್ಮ ಎರಡು ವಿಮಾನಗಳ ನಡುವೆ ಎರಡು ಗಂಟೆ ಇಪ್ಪತ್ತೈದು ನಿಮಿಷಗಳ ಬಿಡುವಿತ್ತು. ಆರೂವರೆಗೆ ಹೊರಡಬೇಕಾದದ್ದು ಎಂಟು ಇಪ್ಪತ್ತೈದಕ್ಕೆ ಹೊರಟಿತು. ಬಿಡುವಿನಲ್ಲಿ ಉಳಿದದ್ದು ಅರ್ಧ ಗಂಟೆ. ದೆಹಲಿಯಲ್ಲಿ ಉಪಯೋಗಿಸಬೇಕಾಗಿದ್ದ ಎರಡನೆಯ ಲೌಂಜು ಅಲ್ಲಿಗೆ ಕೈಬಿಟ್ಟಿತು. ಹಣ ಮಾತ್ರ ಕೊಟ್ಟಾಗಿತ್ತು.

ಇನ್ನು ವಿಮಾನದ ಒಳಗಿನ ಮಾತು. ದೊಡ್ಡ ವಿದೇಶಯಾನದ ಚಿತ್ರಗಳನ್ನು ನೋಡಿ, ಮಂಚದಂತೆ ಹಾಸಿಕೊಳ್ಳುವ ಆಸನವಿರುತ್ತದೆಂದು ಯಾರೂ ನಂಬಿ ಹೋಗಬಾರದು. ದೇಶದೊಳಗೆ ಹೆಚ್ಚಾಗಿ ಹಾರುವುದು ಒಂದೇ ನಡುದಾರಿಯ ವಿಮಾನ. ನಮ್ಮದರಲ್ಲಿ ಮುಂದುಗಡೆ ಎಂಟೇ ಆಸನಗಳು. ದಾರಿಯ ಆ ಕಡೆ ಎರಡು, ಈ ಕಡೆ ಎರಡು, ಹೀಗೆ ಎರಡು ಸಾಲು. ಹಿಂದೆ ಮೂರು ಜನ ಕೂರುವ ಅಗಲದಲ್ಲಿ ಇಲ್ಲಿ ಇಬ್ಬರು. ಒಂದು ಸಾಲಿನಿಂದ ಇನ್ನೊಂದಕ್ಕೆ ಹಿಂದುಗಡೆ ಮೂವತ್ತು ಅಂಗುಲದ ಆಸುಪಾಸು ಅಂತರವಿದ್ದರೆ, ಇಲ್ಲಿ ನಲವತ್ತರ ಸಮೀಪ. ಆ ಹತ್ತು ಅಂಗುಲಗಳ ಬೆಲೆಯನ್ನು ಮಂಡಿ ನೋವಿರುವವರೇ ಬಲ್ಲರು. ಅಮ್ಮ ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿ, ಪಾದವನ್ನು ಪಾದಪೀಠದ ಮೇಲಿಟ್ಟು, "ಅಬ್ಬಾ!" ಎಂದು ಉಸಿರು ಬಿಟ್ಟಳು. ನನ್ನ ಹಣದ ಅರ್ಧ ಆ ಉಸಿರಿನಲ್ಲಿ ನನಗೆ ಸಂದಾಯವಾಯಿತು. ಬೆನ್ನು ಹಿಂದಕ್ಕೆ ಒರಗುತ್ತದೆ. ನಮ್ಮ ಅಜ್ಜನ ಆರಾಮ ಕುರ್ಚಿಗಿಂತ ಕಡಮೆಯೇ ಹೊರತು ಹೆಚ್ಚಲ್ಲ. ಆರಿಸಿಕೊಳ್ಳುವ ಅವಕಾಶವಿದ್ದರೆ ಎರಡನೆಯ ಸಾಲು ಲೇಸು. ಮೊದಲನೆಯ ಸಾಲಿನ ಎದುರಿಗೆ ಗೋಡೆ. ಕೈಚೀಲವನ್ನು ಕಾಲಿನ ಬಳಿ ಇಟ್ಟುಕೊಳ್ಳಲು ಸ್ಥಳವಿಲ್ಲ, ಅಮ್ಮನಂಥವರ ಮಾತ್ರೆಯ ಡಬ್ಬ ತಲೆಯ ಮೇಲಿನ ಪೆಟ್ಟಿಗೆಗೆ ಹೋಗಿಬಿಡುತ್ತದೆ.

ಬಿಸಿನೀರಿನಲ್ಲಿ ಹಿಂಡಿದ ಪುಟ್ಟ ಟವೆಲು ಬಂದಿತು. ಪಿಂಗಾಣಿ ತಟ್ಟೆಯಲ್ಲಿ ತಿಂಡಿ ಬಂದಿತು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಬೇಕೆನ್ನುವವರು ಮುಂಚಿತವಾಗಿ, ಒಂದು ದಿನಕ್ಕೂ ಮೊದಲೇ ತಿಳಿಸಿರಬೇಕು. ನಾನು ‘ಜೈನ ಊಟ’ವೆಂದು ಬರೆಸಿದ್ದೆ. ಮದ್ಯವು ದೇಶದೊಳಗಿನ ವಿಮಾನಗಳಲ್ಲಿ ಯಾವ ದರ್ಜೆಯವರಿಗೂ ಇಲ್ಲ, ಆ ಆಸೆಯವರು ನಿರಾಶರಾಗುತ್ತಾರೆ. ಅಮ್ಮ ಉಪ್ಪಿಟ್ಟನ್ನು ತಿಂದಳು. ಕೇಕನ್ನು ಮಡಿಸಿ ಚಿಕ್ಕಮ್ಮನ ಮೊಮ್ಮಗನಿಗೆಂದು ಚೀಲಕ್ಕೆ ಸೇರಿಸಿದಳು. ಆಮೇಲೆ ಗಗನಸಖಿ ಬಂದು ನಮ್ಮ ಹಿಂದಿನ ಪರದೆಯನ್ನು ಎಳೆದಳು.

"ಇದೇನು, ಮಡಿಯ ಪರದೆಯೇ?" ಎಂದು ಅಮ್ಮ ಮೆಲ್ಲನೆ ಕೇಳಿದಳು.

"ಹೌದಮ್ಮಾ. ಹಣದ ಮಡಿ."

ಅಮ್ಮ ನಗಲಿಲ್ಲ. ತನ್ನ ಚೀಲದಿಂದ ಕನ್ನಡಕವನ್ನೂ ಏನೋ ಕಾಗದವನ್ನೂ ತೆಗೆದಳು. ವಿಷ್ಣುಸಹಸ್ರನಾಮವಿರಬೇಕೆಂದು ನಾನು ಕಣ್ಣು ಮುಚ್ಚಿದೆ. ದೆಹಲಿಗೆ ಎರಡೂಮುಕ್ಕಾಲು ಗಂಟೆಯ ಹಾರಾಟವೆಂದು ಹೇಳುತ್ತಾರೆ. ಏರುವಾಗ ಆಸನ ನೇರವಿರಬೇಕು. ಊಟೋಪಚಾರಕ್ಕೆ ಒಂದು ಗಂಟೆ. ಇಳಿಯುವ ಮೊದಲು ಮತ್ತೆ ನೇರ. ಒರಗಿ ನಿದ್ರಿಸಲು ಉಳಿಯುವುದು ಒಂದು ಗಂಟೆ. ನಾವು ಕೊಂಡದ್ದು ಆ ಒಂದು ಗಂಟೆಯನ್ನು, ಎರಡು ಸಲ. ಇನ್ನೊಂದು ವಿಚಿತ್ರವೆಂದರೆ, ಅಂದಿನಿಂದ ಅಮ್ಮ ಬೆಲೆಯ ಮಾತನ್ನೇ ಎತ್ತಲಿಲ್ಲ.

ವಿಮಾನ ಬದಲಾಯಿಸಿ ಮುಂದುವರಿಯುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. 1949ರಲ್ಲಿ ರಾತ್ರಿ ಅಂಚೆಯ ವಿಮಾನಗಳು ಆರಂಭವಾದವು. ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸುಗಳಿಂದ ಒಂದೊಂದು ವಿಮಾನ ಹೊರಟು, ದೇಶದ ನಡುವಿನ ನಾಗಪುರದಲ್ಲಿ ಮಧ್ಯರಾತ್ರಿ ಕೂಡುತ್ತಿದ್ದವು. ಅಂಚೆಯ ಚೀಲಗಳನ್ನು ಅದಲು ಬದಲು ಮಾಡಿಕೊಂಡು ಬೆಳಗಾಗುವಷ್ಟರಲ್ಲಿ ತಮ್ಮ ತಮ್ಮ ಊರು ಸೇರುತ್ತಿದ್ದವು. ಚೀಲಗಳ ಜೊತೆಗೆ ಪ್ರಯಾಣಿಕರೂ ಇರುತ್ತಿದ್ದರು. ಆ ನಡುರಾತ್ರಿಯ ನಾಗಪುರದಲ್ಲಿ ಒಂದು ವಿಮಾನ ತಡವಾದರೆ ಉಳಿದ ಮೂರೂ ಕಾಯಬೇಕು. ಇಂದು ವಿಮಾನಗಳು ನೂರ್ಮಡಿ ಹೆಚ್ಚಿವೆ. ಆದರೆ ತಡವಾದವರಿಗಾಗಿ ಕಾಯುವ ಮಾತನ್ನು ನೆಚ್ಚಿಕೊಳ್ಳುವಂತಿಲ್ಲ.

ದೆಹಲಿಯ ಮೇಲೆ ಬಂದಾಗ ಕೆಳಗೆ ಹತ್ತಿಯ ಹಾಸು. ಅದರೊಳಗೆ ಮುಳುಗಿ, ಒಂದು ಕ್ಷಣ ಏನೂ ಕಾಣದೆ, ಥಟ್ಟನೆ ನೆಲ ತಾಕಿತು. ಹನ್ನೊಂದೂಕಾಲು. ಗುವಾಹಟಿಯ ವಿಮಾನ ಹನ್ನೊಂದೂಮುಕ್ಕಾಲಿಗೆ. ಬಿಸಿನೆಸ್ ಕ್ಲಾಸಿನವರು ಮೊದಲು ಇಳಿಯುತ್ತಾರಲ್ಲವೇ, ಹೇಗೋ ಆದೀತು ಎಂದು ನಾನು ಎದ್ದು ನಿಂತೆ. ಗಗನಸಖಿ ವಿನಯದಿಂದ ನನ್ನನ್ನು ಕೂರಿಸಿದಳು. ಗಾಲಿಕುರ್ಚಿಯವರು ಕಡೆಯಲ್ಲಿ ಇಳಿಯಬೇಕು. ಅದು ಎಲ್ಲರಿಗೂ ಅನ್ವಯಿಸುವ ಕ್ರಮ. ಮೊದಲು ನಮ್ಮ ಸುತ್ತಲಿನ ಆರು ಜನ, ಬಳಿಕ ಪರದೆ ಸರಿದು ಅದರ ಹಿಂದಿನ ನೂರೈವತ್ತು ಜನ, ಮಗು, ಚೀಲ, ಬುಟ್ಟಿಗಳ ಸಮೇತ ನಮ್ಮ ಮುಂದೆಯೇ ಹಾದುಹೋದರು. ಐದು ಪಾಲು ಹಣ ಕೊಟ್ಟವರು ಅಗಲವಾದ ಆಸನಗಳಲ್ಲಿ ಕುಳಿತು ಮೆರವಣಿಗೆಯನ್ನು ನೋಡಿದೆವು. ನಾನು ಗಡಿಯಾರವನ್ನು ನೋಡುತ್ತಿದ್ದೆ; ಅಮ್ಮ ಮಕ್ಕಳನ್ನು ನೋಡುತ್ತಿದ್ದಳು.

ಬಾಗಿಲಲ್ಲಿ ಏಳೆಂಟು ಗಾಲಿಕುರ್ಚಿಗಳು ಸಾಲಾಗಿದ್ದವು. ನಮ್ಮ ಪಾಲಿಗೆ ಬಂದ ಹುಡುಗನಿಗೆ ಇಪ್ಪತ್ತೆರಡು ವರ್ಷವಿದ್ದೀತು. ಬಿಹಾರದವನು. ನಮ್ಮ ಮುಂದಿನ ಬೋರ್ಡಿಂಗ್ ಪಾಸನ್ನು ಒಂದು ಸಲ ನೋಡಿ, "ಮಾತಾಜಿ, ಕಾಲು ಮೇಲಿಡಿ. ಸಾಹೇಬರೇ, ನೀವು ಓಡಬಲ್ಲಿರಾ?" ಎಂದು ಹಿಂದಿಯಲ್ಲಿ ಕೇಳಿದ. 2010ರಲ್ಲಿ ತೆರೆದ ದೆಹಲಿಯ ಮೂರನೆಯ ಟರ್ಮಿನಲ್ಲನ್ನು ನೋಡಿದವರಿಗೆ ಆ ಪ್ರಶ್ನೆಯ ಅರ್ಥ ತಿಳಿದೀತು. ಹಾಸುಗಂಬಳಿಯ ಹಾದಿ ಮುಗಿಯುವುದೇ ಇಲ್ಲ. ಹುಡುಗ ಚಲಿಸುವ ಪಟ್ಟಿಗಳನ್ನು ಬಿಟ್ಟು, ಗೋಡೆಯಂತೆ ಕಾಣುವ ಬಾಗಿಲನ್ನು ತಳ್ಳಿ, ಒಂದು ಲಿಫ್ಟಿನಲ್ಲಿ ಇಳಿಸಿ, ಇನ್ನೊಂದರಲ್ಲಿ ಏರಿಸಿ, ಎರಡನೆಯ ಭದ್ರತಾ ತಪಾಸಣೆಯ ಬಾಗಿಲಿಗೆ ತಂದ. ಹೌದು, ಅಲ್ಲಿ ಮತ್ತೆ ತಪಾಸಣೆ; ಬೆಂಗಳೂರಿನಲ್ಲಿ ಒಮ್ಮೆ ಆಗಿದೆಯೆಂಬುದು ಅಲ್ಲಿ ನಡೆಯದು. ಅಮ್ಮನ ಊರುಗೋಲು, ನನ್ನ ಬೆಲ್ಟು, ಫೋನು, ಎಲ್ಲ ತಟ್ಟೆಗೆ. ಹುಡುಗ ಅಲ್ಲಿನ ಸಿಪಾಯಿಗೆ ಏನೋ ಹೇಳಿ ನಮ್ಮನ್ನು ಬದಿಯ ದಾರಿಯಿಂದ ದಾಟಿಸಿದ.

ನಾವು ದ್ವಾರವನ್ನು ಮುಟ್ಟಿದಾಗ ಹನ್ನೆರಡಕ್ಕೆ ಎರಡೇ ನಿಮಿಷ. ವಿಮಾನ ಹೋಗಿರಲಿಲ್ಲ. ನಮ್ಮನ್ನು ತಡೆದ ಮಂಜೇ ಅದನ್ನೂ ತಡೆದಿತ್ತು. ಹೊಸ ವೇಳೆ ಹನ್ನೆರಡು ನಲವತ್ತು. ನಾನು ಬೆವರೊರೆಸಿಕೊಂಡು ನಿಂತೆ. ಅಮ್ಮ ತನ್ನ ಕೈಚೀಲದಿಂದ ಕೊಬ್ಬರಿ ಮಿಠಾಯಿಯ ಒಂದು ಡಬ್ಬವನ್ನು ತೆಗೆದು ಹುಡುಗನ ಕೈಗಿಟ್ಟಳು. ಅವನು ಬೇಡವೆಂದ. ಅಮ್ಮ ತನ್ನ ಮುರುಕು ಹಿಂದಿಯಲ್ಲಿ, "ಬೇಟಾ, ನನ್ನ ತಂಗಿಗೆ ತಂದದ್ದು. ಅವಳೇ ಕೊಟ್ಟಳೆಂದು ತಿಳಿದುಕೊ" ಎಂದಳು. ಅವನು ಡಬ್ಬವನ್ನು ಹಣೆಗೆ ಮುಟ್ಟಿಸಿಕೊಂಡು ಖಾಲಿ ಕುರ್ಚಿಯನ್ನು ತಳ್ಳಿಕೊಂಡು ಹೊರಟುಹೋದ. ಈ ಸೇವೆಗೂ ನಾವು ಕೊಟ್ಟ ಹೆಚ್ಚಿನ ಹಣಕ್ಕೂ ಸಂಬಂಧವಿಲ್ಲ. ಗಾಲಿಕುರ್ಚಿಯ ಅಗತ್ಯವುಳ್ಳವರು ಟಿಕೆಟ್ಟು ಕೊಳ್ಳುವಾಗಲೇ ತಿಳಿಸಿದರೆ ಯಾವ ದರ್ಜೆಯವರಿಗಾದರೂ ಅದು ದೊರೆಯುತ್ತದೆ. ಅಂದು ನಮ್ಮನ್ನು ಒಂದು ವಿಮಾನದಿಂದ ಇನ್ನೊಂದಕ್ಕೆ ಸೇರಿಸಿದವನು ಆ ಹುಡುಗ.

ಎರಡನೆಯ ವಿಮಾನಕ್ಕೆ ನಾನು ಎಡಗಡೆಯ ಆಸನಗಳನ್ನು ಆರಿಸಿದ್ದೆ. ದೆಹಲಿಯಿಂದ ಪೂರ್ವಕ್ಕೆ ಹಾರುವಾಗ ಹಿಮಾಲಯ ಎಡಗಡೆಗೆ ಬರುತ್ತದೆ. ಹೊರಟು ಮುಕ್ಕಾಲು ಗಂಟೆಯಾಗಿರಬೇಕು. ಕೆಳಗೆ ಗಂಗೆಯ ಬಯಲೆಲ್ಲ ಕಂದುಮಂಜಿನಲ್ಲಿ ಹುದುಗಿತ್ತು. ಅದರ ಮೇಲಂಚಿನಲ್ಲಿ, ಮೋಡವೆಂದು ನಾನು ತಿಳಿದಿದ್ದ ಬಿಳಿಯ ಗೆರೆಯೊಂದು ಎಷ್ಟು ಹೊತ್ತಾದರೂ ಕದಲಲಿಲ್ಲ. ಮೋಡಗಳಿಗೆ ಅಷ್ಟು ಚೂಪಾದ ಮೂಲೆಗಳಿರುವುದಿಲ್ಲ. ಗೆರೆ ದಪ್ಪವಾಗಿ, ಹಲ್ಲುಹಲ್ಲಾಗಿ, ಒಂದೊಂದು ಹಲ್ಲೂ ಬಿಸಿಲಿಗೆ ಒಂದು ಕಡೆ ಹೊಳೆದು ಇನ್ನೊಂದು ಕಡೆ ನೀಲಿಯಾಯಿತು. 8,849 ಮೀಟರಿನ ಎವರೆಸ್ಟು ಯಾವುದೆಂದು ನಾನು ಬೆರಳು ಮಾಡಿ ತೋರಿಸಿದ್ದು ಸರಿಯೋ ತಪ್ಪೋ ಹೇಳಲಾರೆ. ಅದು ನೆರೆಯವುಗಳ ಹಿಂದೆ ನಿಲ್ಲುವುದರಿಂದ ಅವುಗಳಷ್ಟೇ ಎತ್ತರವಾಗಿ ತೋರುತ್ತದೆ. ಆದರೆ ಕಾಂಚನಜುಂಗಾದ ವಿಷಯದಲ್ಲಿ ಸಂದೇಹವಿರಲಿಲ್ಲ. ತನ್ನ ಪರಿವಾರವನ್ನು ಕಟ್ಟಿಕೊಂಡು, ಒಂದು ಊರಿನಂತೆ, ಬೇರೆಯಾಗಿಯೇ ನಿಂತಿತ್ತು.

ಅಮ್ಮ ಕಿಟಕಿಗೆ ಹಣೆಯನ್ನು ಆನಿಸಿ ನೋಡುತ್ತಲೇ ಇದ್ದಳು. "ಇದನ್ನು ಪುಟ್ಟಿ ನೋಡಿದ್ದಾಳೆಯೇ?" ಎಂದಳು. ಚಿಕ್ಕಮ್ಮ ಅಲ್ಲಿಗೆ ಹೋದದ್ದು ರೈಲಿನಲ್ಲಿ, ಬಂದುಹೋಗುತ್ತಿದ್ದುದೂ ರೈಲಿನಲ್ಲಿಯೇ. ನೋಡಿರಲಾರಳು. ಪರದೆಯ ಹಿಂದಿನಿಂದ ಒಂದು ಮಗು ಕೂಗಿಕೊಂಡಿತು: ಅದಕ್ಕೂ ಕಂಡಿತ್ತು. ಕಿಟಕಿಗಳು ಎಲ್ಲ ದರ್ಜೆಗಳಿಗೂ ಒಂದೇ ಅಳತೆಯವು.

ಮೂರು ಗಂಟೆಗೆ ಗುವಾಹಟಿ. ಪೆಟ್ಟಿಗೆಗಳಿಗೆ ಕಟ್ಟಿದ್ದ ಆದ್ಯತೆಯ ಚೀಟಿಯ ಪ್ರಭಾವವೋ ಏನೋ, ನಾವು ನಿಧಾನವಾಗಿ ತಲಪುವಷ್ಟರಲ್ಲಿ ಅವು ಪಟ್ಟಿಯ ಮೇಲೆ ಸುತ್ತುತ್ತಿದ್ದವು. ಜನವರಿಯಲ್ಲಿ ಅಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ನಾವು ನೂನ್‌ಮಾಟಿಯ ಮನೆಯ ಮೆಟ್ಟಿಲು ಹತ್ತುವಾಗ ಒಳಗೆ ದೀಪ ಹಚ್ಚಿದ್ದರು. ಅವರಿಬ್ಬರೂ ದಿನವೂ ಫೋನಿನಲ್ಲಿ ಮಾತನಾಡುತ್ತಿದ್ದ ವೇಳೆ. ಚಿಕ್ಕಮ್ಮ ಮಂಚದ ಮೇಲೆ ಬಾಗಿಲ ಕಡೆಗೆ ಮುಖ ಮಾಡಿ ಕುಳಿತಿದ್ದಳು. "ಅಕ್ಕ" ಎಂಬ ಒಂದು ಮಾತು ಮಾತ್ರ ಅವಳ ಬಾಯಿಂದ ಸ್ಪಷ್ಟವಾಗಿ ಬಂದಿತು. ನಾನೂ ನನ್ನ ತಮ್ಮನೂ ಹೊರಗಿನ ಜಗಲಿಗೆ ಬಂದುಬಿಟ್ಟೆವು.

ಹನ್ನೆರಡು ದಿನ ಅಲ್ಲಿದ್ದೆವು. ತೊದಲು ಮಾತನ್ನು ಎದುರಿಗೆ ಕುಳಿತು, ತುಟಿಯನ್ನು ನೋಡುತ್ತ ಕೇಳಿದರೆ ತಿಳಿಯುತ್ತದೆಂಬುದನ್ನು ಅಮ್ಮ ಎರಡನೆಯ ದಿನವೇ ಕಂಡುಕೊಂಡಳು. ಐದನೆಯ ದಿನಕ್ಕೆ ಮನೆಯವರಿಗೆಲ್ಲ ತಾನೇ ದುಭಾಷಿಯಾದಳು.

ಹಿಂದಿರುಗುವ ಟಿಕೆಟ್ಟಿನ ಮಾತನ್ನು ನಾನು ಎತ್ತಿದ್ದು ಹತ್ತನೆಯ ದಿನ ರಾತ್ರಿ. ಅಮ್ಮ ಚೀಲದಿಂದ ನಾಲ್ಕಾಗಿ ಮಡಿಸಿದ ಒಂದು ಕಾಗದವನ್ನು ತೆಗೆದು ನನ್ನ ಮುಂದಿಟ್ಟಳು. ದ್ವಾರದಲ್ಲಿ ತೋರಿಸಲೆಂದು ನಾನೇ ಅಚ್ಚು ಹಾಕಿಸಿ ಅವಳ ಕೈಗೆ ಕೊಟ್ಟಿದ್ದ ಟಿಕೆಟ್ಟು: ಮೂಲ ದರ, ತೆರಿಗೆ, ಮೊತ್ತ, ಎಲ್ಲವೂ ಅದರಲ್ಲಿದ್ದವು. ವಿಷ್ಣುಸಹಸ್ರನಾಮವಲ್ಲ!

"ಇದನ್ನು ದೆಹಲಿ ಬರುವ ಮೊದಲೇ ಓದಿದ್ದೆ" ಎಂದಳು. "ಆಗಲೇ ಹೇಳಿದ್ದರೆ ನೀನು ನೊಂದುಕೊಳ್ಳುತ್ತಿದ್ದೆ. ಕಾಲು ಚಾಚಿ ಬಂದದ್ದು ನಿಜ, ಸುಳ್ಳು ಹೇಳುವುದಿಲ್ಲ. ನೇರವಾಗಿ ಹೋಗುವ ವಿಮಾನಕ್ಕೆ ಎಷ್ಟು?"

ಹೇಳಿದೆ. ಐದರಲ್ಲಿ ಒಂದು ಪಾಲು. ಮುಂದಿನ ಸಾಲಿನ ಆಸನಕ್ಕೆ ಇನ್ನಷ್ಟು ಸೇರಿಸಿ ಕೊಟ್ಟರೆ ಕಾಲಿಗೆ ಸ್ವಲ್ಪ ಸ್ಥಳ ಸಿಗುತ್ತದೆ, ಗಾಲಿಕುರ್ಚಿ ಹೇಗೂ ಸಿಗುತ್ತದೆ ಎಂಬುದನ್ನೂ ಹೇಳಿದೆ.

"ಮೂರು ಗಂಟೆ ತಾನೇ? ಶಾಲೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಂತೇ ಇರುತ್ತಿದ್ದೆ. ಒಬ್ಬೊಬ್ಬರಿಗೆ ನಾಲ್ಕು ಪಾಲು ಉಳಿಯಿತು, ಇಬ್ಬರಿಗೆ ಎಂಟು. ಇಬ್ಬರೂ ಬಂದು ಹೋಗುವುದಕ್ಕೆ ನಾಲ್ಕು ಪಾಲು ಬೇಕು." ಅಮ್ಮ ಒಂದು ಕ್ಷಣ ನಿಲ್ಲಿಸಿ, ತರಗತಿಯಲ್ಲಿ ಹುಡುಗರನ್ನು ನೋಡುತ್ತಿದ್ದಂತೆ ನಮ್ಮೆಲ್ಲರನ್ನೂ ನೋಡಿದಳು. "ಹಾಗಾದರೆ ಎಷ್ಟು ಸಲ?"

ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿನಿಂದ ಚಿಕ್ಕಮ್ಮ ಎಡಗೈಯನ್ನು ಎತ್ತಿದಳು. ಎರಡು ಬೆರಳು.

"ಎ... ಎರಡು" ಎಂದಳು.

ನಾನು ಫೋನನ್ನು ತೆಗೆದು, ನೇರ ವಿಮಾನದಲ್ಲಿ ಮುಂದಿನ ಸಾಲಿನ ಎರಡು ಆಸನಗಳನ್ನು ಕಾದಿರಿಸಿದೆ.